ವಿದ್ಯಾರ್ಥಿನಿಯರ ಮನೋರಥವೂ ಉಪಾಧ್ಯಾಯಿನಿಯರ ಕರ್ತವ್ಯವೂ

ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಬಾಲಿಕೆಯರನ್ನು “ನೀವು ಮುಂದೆ ಏನಾಗಬೇಕೆಂದಿದ್ದೀರಿ?” ಎಂದು ಕೇಳುವ ಪದ್ಧತಿಯು ಪ್ರಾಯಶಃ ಎಲ್ಲ ಶಾಲೆಗಳಲ್ಲಿಯೂ ಉಂಟು. ನಮ್ಮಲ್ಲಿಯೂ ಉಂಟು. ಜೂನ್ ತಿಂಗಳಲ್ಲಿ ಈ ಪ್ರಶ್ನೆಯನ್ನು ಹಾಕಿದರೆ ಕೈಗಳು ತಾವಾಗಿಯೇ ಮೇಲೇಳುತ್ತವೆ. ಒಬ್ಬಳು ವೈದ್ಯೆಯಾಗುವಳು, ಒಬ್ಬಳು ಜಿಲ್ಲಾಧಿಕಾರಿಯಾಗುವಳು, ಇನ್ನೊಬ್ಬಳು ಪೊಲೀಸ್ ಇಲಾಖೆಗೆ ಸೇರುವಳು, ಹಿಂದಿನ ಬೆಂಚಿನವಳು ವಿಮಾನವನ್ನು ನಡೆಸುವಳು. ಇದೇ ಬಾಲಿಕೆಯರು ಹತ್ತನೆಯ ತರಗತಿಗೆ ಬಂದು, ಸಂಕ್ರಾಂತಿಯ ಹಬ್ಬವು ಕಳೆದು, ಪರೀಕ್ಷೆಯು ಸಮೀಪಿಸಿದಾಗ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಹಾಕಿ ನೋಡಬೇಕು. ಆಗ ಕೈಗಳು ಏಳುವುದಿಲ್ಲ. “ಮನೆಯಲ್ಲಿ ಕೇಳಿ ಹೇಳ್ತೀನಿ, ಮೇಡಂ” ಎಂಬುದೊಂದೇ ಉತ್ತರವು ಬೆಂಚಿನಿಂದ ಬೆಂಚಿಗೆ ಹೋಗುತ್ತದೆ.

ಈ ಎರಡೂವರೆ ವರ್ಷಗಳಲ್ಲಿ ಆ ಮಕ್ಕಳ ಬುದ್ಧಿಯು ಕುಂದಲಿಲ್ಲ, ಆಸೆಯೂ ಬತ್ತಲಿಲ್ಲ. ಮನೆಯ ಪರಿಸ್ಥಿತಿಯನ್ನು ಅರಿತುಕೊಳ್ಳುವ ವಿವೇಕವು ಬಂದುದರಿಂದ ಅವರು ತಮ್ಮ ಆಸೆಯನ್ನು ತಾವೇ ಮಡಿಚಿ ಒಳಗೆ ಇಟ್ಟುಕೊಂಡರು, ಅಷ್ಟೆ. ಆದಕಾರಣ ವಿದ್ಯಾರ್ಥಿನಿಯರಲ್ಲಿ ಕನಸುಗಳನ್ನು ಹುಟ್ಟಿಸಬೇಕೆಂದು ಸಭೆಗಳಲ್ಲಿ ಹೇಳುವ ಮಾತನ್ನು ನಾವು ಅಷ್ಟಾಗಿ ಒಪ್ಪುವುದಿಲ್ಲ. ಕನಸು ಅವರಲ್ಲಿ ಮೊದಲೇ ಇದೆ. ಅದರ ಎದುರಿಗೆ ನಿಂತಿರುವ ಅಡಚಣೆಯು ಯಾವುದು, ಅದು ಯಾವ ತಿಂಗಳಲ್ಲಿ ಬರುತ್ತದೆ, ಯಾರ ಬಾಯಿಂದ ಬರುತ್ತದೆ ಎಂಬುದನ್ನು ಉಪಾಧ್ಯಾಯಿನಿಯು ತಿಳಿದಿರುವಳೋ ಇಲ್ಲವೋ ಎಂಬುದೇ ಪ್ರಶ್ನೆ. ಈ ಲೇಖನದಲ್ಲಿ ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸ್ಥಿತಿಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಯಥಾಶಕ್ತಿ ವಿವರಿಸಲು ಯತ್ನಿಸುತ್ತೇವೆ.

ಈ ಊರಿಗೆ ವಿದ್ಯೆಯ ವಿಷಯದಲ್ಲಿ ಹಳೆಯ ಹೆಸರು ಇದೆ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಗಳು ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಸತ್ಯವೇದವನ್ನು ಕನ್ನಡಿಸುವ ಕಾರ್ಯವನ್ನು ಕೈಕೊಂಡರು. ಅವರ ಜತೆಗಾರರಾದ ವಿಲಿಯಂ ರೀವ್ ಎಂಬವರ ಕನ್ನಡ ನಿಘಂಟು 1832ರಲ್ಲಿ ಪ್ರಕಟವಾಯಿತು. ಪ್ರಾಯಕ್ಕೆ ಬಂದ ಆ ಪರದೇಶೀಯರನ್ನು ಕೂಡಿಸಿಕೊಂಡು ಅ ಆ ಇ ಈ ತಿದ್ದಿಸಿದ ಪಂಡಿತರ ಹೆಸರುಗಳನ್ನು ಮಾತ್ರ ಈಗ ಹೇಳುವವರು ಕಡಿಮೆ. ಉಪಾಧ್ಯಾಯವೃತ್ತಿಯ ಸ್ವಭಾವವೇ ಹಾಗೆ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರವೇಕೆ ಎಂಬ ಪ್ರಶ್ನೆ ಇದ್ದಿತು. ಈಗ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರಿಲ್ಲ. ಈಗಿನ ಪ್ರಶ್ನೆಯು ಎಲ್ಲಿಯವರೆಗೆ ಎಂಬುದು. 2011ರ ಜನಗಣತಿಯಲ್ಲಿ ಆಗಿನ ಅವಿಭಕ್ತ ಬಳ್ಳಾರಿ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ಸುಮಾರು 77 ಮಂದಿ ಅಕ್ಷರಸ್ಥರಿದ್ದರೆ ಹೆಂಗಸರಲ್ಲಿ ಸುಮಾರು 58 ಮಂದಿ ಮಾತ್ರ ಇದ್ದರು. ಇಂದು ನಮ್ಮ ಬೆಂಚುಗಳ ಮೇಲೆ ಕುಳಿತಿರುವ ಮಕ್ಕಳ ತಾಯಂದಿರೂ ಅಜ್ಜಿಯರೂ ಆ ಲೆಕ್ಕದೊಳಗಿನವರೇ. ತಾನು ಹೋಗದ ದಾರಿಯಲ್ಲಿ ಮಗಳನ್ನು ಕಳುಹಿಸುವ ತಾಯಿಗೆ ಎಷ್ಟು ಧೈರ್ಯ ಬೇಕೆಂಬುದನ್ನು ನಾವು ಮೊದಲು ನೆನೆಯತಕ್ಕದ್ದು. ಪೋಷಕರನ್ನು ಅಜ್ಞಾನಿಗಳೆಂದು ಕರೆಯುವ ಉಪಾಧ್ಯಾಯಿನಿಯಿಂದ ಈ ಕಾರ್ಯವು ಆಗಲಾರದು.

ಅಡಚಣೆಗಳಲ್ಲಿ ಮೊದಲನೆಯದು ಹೊಲ. ತುಂಗಭದ್ರೆಯ ಅಣೆಕಟ್ಟು ಆಗಿ 1953ರ ತರುವಾಯ ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪದ ಸೀಮೆಯು ಬತ್ತದ ಸೀಮೆಯಾಯಿತು. ಕುರುಗೋಡು, ಬಳ್ಳಾರಿಗಳ ಕಪ್ಪು ನೆಲದಲ್ಲಿ ಹತ್ತಿಯೂ ಮೆಣಸಿನಕಾಯಿಯೂ ಬೆಳೆಯುತ್ತವೆ. ಇದರಿಂದ ಊರಿಗೆ ಅನ್ನ ಬಂದಿತು, ಸಂತೋಷ. ಆದರೆ ನಾಟಿ, ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು, ಇವೆಲ್ಲವೂ ಬಹುಮಟ್ಟಿಗೆ ಹೆಂಗಸರ ಕೆಲಸಗಳು; ಅವುಗಳ ಕಾಲವೂ ನಮ್ಮ ಶಾಲೆಯ ಪಾಠದ ಕಾಲವೂ ಒಂದೇ. ಮಳೆಗಾಲದಲ್ಲಿ ನಾಟಿಗೆಂದು ಒಂದು ವಾರ ಹೋದ ಹುಡುಗಿಯು ಚಳಿಗಾಲದಲ್ಲಿ ಹತ್ತಿಗೆಂದು ಮೂರು ವಾರ ಹೋಗುತ್ತಾಳೆ. ತಾಯಿಯು ಹೊಲಕ್ಕೆ ಹೋದರೆ ಹಿರಿಯ ಮಗಳು ಮನೆಯಲ್ಲಿ ಕೂಸನ್ನು ನೋಡಿಕೊಳ್ಳಬೇಕು. ಇದಂತೂ ಯಾವ ಲೆಕ್ಕಕ್ಕೂ ಬಾರದ ಗೈರುಹಾಜರಿ.

ಹೀಗೆ ಹೋದವಳು ಶಾಲೆಯನ್ನು ಬಿಟ್ಟವಳಲ್ಲ. ಅವಳು ಬಿಡುವುದು ಹಿಂದಿರುಗಿ ಬಂದ ದಿವಸ. ಬೀಜಗಣಿತದಲ್ಲಿ ಎರಡು ಅಧ್ಯಾಯಗಳು ಆಗಿಹೋಗಿವೆ, ಹಲಗೆಯ ಮೇಲಿರುವುದು ಒಂದೂ ತಿಳಿಯದು, ಅದರ ಮೇಲೆ “ಏನಮ್ಮಾ, ಈಗ ನೆನಪಾಯಿತೋ ಶಾಲೆ?” ಎಂಬ ಮಾತು ಬೀಳುತ್ತದೆ, ತರಗತಿಯು ನಗುತ್ತದೆ. ಆ ನಗೆಯೊಂದೇ ಸಾಕು. ಮರುದಿವಸ ಅವಳು ತಲೆನೋವೆನ್ನುತ್ತಾಳೆ, ಅದರ ಮರುದಿವಸ ಯಾವ ಕಾರಣವನ್ನೂ ಹೇಳುವುದಿಲ್ಲ. ನಾವು ಕಂಡಂತೆ ಬಿಟ್ಟುಹೋಗುವ ಮಕ್ಕಳಲ್ಲಿ ಹೆಚ್ಚಿನವರು ಬಡತನದಿಂದ ನೇರವಾಗಿ ಹೋಗುವುದಿಲ್ಲ. ಬಡತನವು ಅವರನ್ನು ಮೂರು ವಾರ ದೂರವಿಡುತ್ತದೆ, ನಾಚಿಕೆಯು ಉಳಿದ ಕೆಲಸವನ್ನು ಮಾಡಿ ಮುಗಿಸುತ್ತದೆ.

ಬಡತನವನ್ನು ನೀಗುವ ಶಕ್ತಿಯು ಉಪಾಧ್ಯಾಯಿನಿಗೆ ಇಲ್ಲ. ಆದರೆ ಆ ನಾಚಿಕೆಯನ್ನು ತಡೆಯುವುದು ಅವಳ ಕೈಯಲ್ಲಿದೆ. ಅದಕ್ಕೆ ಮಾಡತಕ್ಕದ್ದು ಬಹಳವೇನಿಲ್ಲ. ಗೈರುಹಾಜರಾದವಳ ಪಕ್ಕದಲ್ಲಿ ಕೂಡ್ರುವ ಗೆಳತಿಗೆ ಎರಡು ಪ್ರತಿ ಟಿಪ್ಪಣಿ ಬರೆಯುವಂತೆ ಹೇಳಬೇಕು. ಅವಳು ಬಂದ ದಿನ ಹೆಸರು ಕರೆಯುವಾಗ ಮಿಕ್ಕವರನ್ನು ಕರೆದ ಧ್ವನಿಯಲ್ಲಿಯೇ ಅವಳನ್ನೂ ಕರೆಯಬೇಕು. ಮೊದಲನೆಯ ವಾರ ಅವಳಿಗೆ ಉತ್ತರವು ಗೊತ್ತಿರತಕ್ಕ ಪ್ರಶ್ನೆಗಳನ್ನೇ ಕೇಳಬೇಕು. ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ, ಹದಿನೈದು ದಿನ. ಬಿಟ್ಟುಹೋದ ಪಾಠವು ಬಹುಮಟ್ಟಿಗೆ ಕೈಗೆ ಬರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡ್ರಲು ನೂರಕ್ಕೆ 75ರಷ್ಟು ಹಾಜರಿಯು ಬೇಕೆಂಬ ನಿಯಮವನ್ನು ಜನವರಿಯಲ್ಲಿ ಹೇಳಿ ಹೆದರಿಸುವುದರ ಬದಲು, ಜೂನ್ ತಿಂಗಳಲ್ಲಿಯೇ ತಾಯಿತಂದೆಗಳಿಗೆ ದಿನಗಳ ಲೆಕ್ಕದಲ್ಲಿ ಬಿಡಿಸಿ ಹೇಳಿದರೆ, ಹೊಲದ ಕೆಲಸಕ್ಕೆ ಎಷ್ಟು ದಿನ ಕೊಡಬಹುದು ಎಷ್ಟು ಕೊಡಬಾರದು ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಲೆಕ್ಕ ಹಾಕುತ್ತಾರೆ. ಒಕ್ಕಲುತನದವರಿಗೆ ದಿನದ ಲೆಕ್ಕವನ್ನು ನಾವು ಕಲಿಸಬೇಕಾಗಿಲ್ಲ.

ಎರಡನೆಯದು ಮದುವೆ. ಈ ವಿಷಯದಲ್ಲಿ ಪಂಚಾಂಗವನ್ನೂ ಪರೀಕ್ಷಾ ಮಂಡಲಿಯ ವೇಳಾಪಟ್ಟಿಯನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದು ಒಳ್ಳೆಯದು. ಪರೀಕ್ಷೆಯು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮುಗಿಯುತ್ತದೆ. ಶಾಲೆಗೆ ರಜ. ಲಗ್ನಗಳ ಕಾಲವೂ ಅದೇ. ಫಲಿತಾಂಶವು ಬಂದು ಒಂದು ವಿಷಯದಲ್ಲಿ ಹುಡುಗಿಯು ಅನುತ್ತೀರ್ಣಳಾದಳೆಂದರೆ, ಅಷ್ಟು ದಿನ ತಡೆದುಕೊಂಡಿದ್ದ ಮಾತು ಮನೆಯಲ್ಲಿ ಎದ್ದು ನಿಲ್ಲುತ್ತದೆ: “ಓದು ಹತ್ತಲಿಲ್ಲ, ವರ ಬಂದೈತಿ, ಇನ್ಯಾಕೆ ಇಟ್ಕೊಂಡು ಕೂಡೋದು ಅಮ್ಮಾರೇ?” ಹೀಗೆ ಫಲಿತಾಂಶದ ದಿನಕ್ಕೂ ಮುಂದಿನ ಪರೀಕ್ಷೆಯ ದಿನಕ್ಕೂ ನಡುವೆ ಇರುವ ಕೆಲವು ವಾರಗಳೇ ವರ್ಷದಲ್ಲೆಲ್ಲಾ ಅತ್ಯಂತ ಅಪಾಯದ ವಾರಗಳು. ಆಗ ಉಪಾಧ್ಯಾಯಿನಿಯರು ತಮ್ಮ ತವರೂರುಗಳಲ್ಲಿ ವಿಶ್ರಾಂತಿ ಪಡೆಯುತ್ತಿರುತ್ತಾರೆ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ, ವಿಶ್ರಾಂತಿಯು ಅವಶ್ಯವೇ. ಆದರೆ ಹತ್ತನೆಯ ತರಗತಿಯ ಉಪಾಧ್ಯಾಯಿನಿಯು ಫಲಿತಾಂಶದ ಮರುದಿವಸ ಅನುತ್ತೀರ್ಣರಾದವರ ಮನೆಗೆ ಹೋಗುವುದೋ, ಹೋಗಲಾಗದಿದ್ದರೆ ಫೋನು ಮಾಡುವುದೋ ಆ ವರ್ಷದ ಎಲ್ಲ ಪಾಠಗಳಿಗಿಂತ ಹೆಚ್ಚಿನ ಪಾಠವೆಂದು ನಮ್ಮ ನಂಬಿಕೆ.

ಆ ಮನೆಯಲ್ಲಿ ಹೇಳತಕ್ಕ ಸಮಾಚಾರವೂ ನಮ್ಮಲ್ಲಿ ಉಂಟು. 2024ರಿಂದ ಕರ್ನಾಟಕದಲ್ಲಿ ಎಸ್‌.ಎಸ್‌.ಎಲ್‌.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಲಾಯಿತು. ಮೊದಲನೆಯದರಲ್ಲಿ ತಪ್ಪಿದವಳು ಅದೇ ವರ್ಷ ಮತ್ತೆ ಕೂಡ್ರಬಹುದು, ವರ್ಷವು ನಷ್ಟವಾಗಬೇಕಾಗಿಲ್ಲ. ಹಳ್ಳಿಯ ಮನೆಗಳಲ್ಲಿ ‘ಫೇಲು’ ಎಂಬ ಶಬ್ದವು ಇನ್ನೂ ಹಳೆಯ ಅರ್ಥದಲ್ಲಿಯೇ ಬಳಕೆಯಲ್ಲಿದೆ. ಬಾಗಿಲು ಮುಚ್ಚಿತೆಂದು ತಿಳಿದು ಮದುವೆ ನಿಶ್ಚಯಿಸುವವರಿಗೆ, ಬಾಗಿಲು ತೆರೆದಿದೆ, ಇಂಥ ತಾರೀಖಿನವರೆಗೆ ತೆರೆದಿರುತ್ತದೆ, ಅರ್ಜಿಯನ್ನು ನಾವೇ ತುಂಬಿಸುತ್ತೇವೆ ಎಂದು ಹೇಳಿದಾಗ ನಿಶ್ಚಯವು ಸಡಿಲವಾಗುವುದುಂಟು.

ಕಾನೂನು ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡುವುದು ಅಪರಾಧ. ಕರ್ನಾಟಕವು ಅದಕ್ಕೆ ತಂದ ತಿದ್ದುಪಡಿಯಿಂದ ಅಂಥ ಮದುವೆಯು ಮೊದಲಿನಿಂದಲೇ ಅಸಿಂಧುವಾಗಿರುತ್ತದೆ. ಮಕ್ಕಳ ಸಹಾಯಕ್ಕಾಗಿ 1098 ಎಂಬ ಸಂಖ್ಯೆಗೆ ಯಾರು ಬೇಕಾದರೂ ಫೋನು ಮಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಬ್ಬ ಬಾಲಿಕೆಯೂ ಬಾಯಿಪಾಠ ಮಾಡಿರಬೇಕು. ಆದರೂ ಮನೆಯ ಹೊಸ್ತಿಲಲ್ಲಿ ನಿಂತು ಮೊದಲನೆಯ ಮಾತಾಗಿ ಕಾಯಿದೆಯನ್ನು ಉಚ್ಚರಿಸುವುದು ಜಾಣತನವಲ್ಲ. ಮಾತು ಅಲ್ಲಿಗೇ ನಿಂತುಹೋಗುತ್ತದೆ, ಮದುವೆಯು ನೆರೆಯ ಊರಿಗೆ ಸಾಗುತ್ತದೆ. ಮೊದಲು ಮನೆಯಲ್ಲಿ ತೀರ್ಮಾನಿಸುವವರು ಯಾರೆಂಬುದನ್ನು ಅರಿಯಬೇಕು. ಅನೇಕ ಮನೆಗಳಲ್ಲಿ ತಂದೆಯಲ್ಲ, ಅಜ್ಜಿ. ಅಜ್ಜಿಯ ಭಯವು ಓದಿನ ಮೇಲಲ್ಲ, ದಾರಿಯ ಮೇಲೆ: ಮೊಮ್ಮಗಳು ಎಷ್ಟು ಹೊತ್ತಿಗೆ ಬರುತ್ತಾಳೆ, ಯಾರ ಜತೆ ಬರುತ್ತಾಳೆ, ಊರಿನವರು ಏನೆನ್ನುತ್ತಾರೆ. ಇದಕ್ಕೆ ಭಾಷಣವು ಉತ್ತರವಲ್ಲ. ಅದೇ ಊರಿನ, ಅದೇ ಜನದ, ಓದಿ ಕೆಲಸಕ್ಕೆ ಸೇರಿದ ಒಬ್ಬ ಹಳೆಯ ವಿದ್ಯಾರ್ಥಿನಿಯನ್ನು ಕರೆದುಕೊಂಡು ಹೋಗಿ ಅಜ್ಜಿಯ ಮುಂದೆ ಕೂಡ್ರಿಸಿದರೆ ಸಾಕು. ಅವಳು ಚಹ ಕುಡಿದು, ತನ್ನ ಸಂಬಳದಿಂದ ತಮ್ಮನಿಗೆ ಕಟ್ಟಿದ ಫೀಜಿನ ಮಾತಾಡಿ ಬರಲಿ. ಕಾಯಿದೆಯು ಕೊನೆಯ ಆಯುಧ. ಬೇಕಾದಾಗ ಹಿಂಜರಿಯದೆ ಅದನ್ನೂ ಹಿಡಿಯತಕ್ಕದ್ದೇ.

ದಾರಿಯ ಮಾತು ಬಂದುದರಿಂದ ಒಂದು ವಿಷಯ. ಕುರುಗೋಡಿನಿಂದ ಬಳ್ಳಾರಿಯು ಸುಮಾರು ಮೂವತ್ತು ಕಿಲೋಮೀಟರು, ಸಿರುಗುಪ್ಪದಿಂದ ಅದರ ಇಮ್ಮಡಿಗೆ ಸಮೀಪ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆಯು ಆರಂಭವಾಗಿ ಸರ್ಕಾರದ ಸಾಧಾರಣ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣ ತಪ್ಪಿತು. ಇದರಿಂದ ಕಾಲೇಜಿಗೆ ಹೋಗಿಬರುವ ಹುಡುಗಿಯರಿಗೆ ಆದ ಉಪಕಾರವು ಅಲ್ಪವಲ್ಲ. ಆದರೆ ಬಸ್ಸು ಪುಕ್ಕಟೆಯಾದರೆ ಸಾಲದು, ಬಸ್ಸು ಇರಬೇಕು. ಸಂಜೆಯ ವಿಶೇಷ ತರಗತಿಯನ್ನು ಐದೂವರೆಯವರೆಗೆ ಎಳೆಯುವ ಉಪಾಧ್ಯಾಯಿನಿಯು ತನ್ನ ತರಗತಿಯ ಯಾವ ಹುಡುಗಿಯ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂಬುದನ್ನು ತಿಳಿದಿರಬೇಕು. ಬೆಳಿಗ್ಗೆ ಎಂಟಕ್ಕೆ ಇಟ್ಟುಕೊಂಡರೆ ಅದೇ ತರಗತಿಯು ಅಜ್ಜಿಯ ಒಪ್ಪಿಗೆಯಿಂದ ನಡೆಯುತ್ತದೆ.

ಇನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಅಡಚಣೆಯೊಂದುಂಟು. ದೇವದಾಸಿಯರನ್ನಾಗಿ ಬಿಡುವ ದುಷ್ಟ ಪದ್ಧತಿಯನ್ನು ಕರ್ನಾಟಕದಲ್ಲಿ 1982ರ ಕಾಯಿದೆಯಿಂದ ನಿಷೇಧಿಸಲಾಯಿತು. ಆದರೆ ಅದಕ್ಕೆ ಬಲಿಯಾದ ತಾಯಂದಿರ ಮಕ್ಕಳೂ ಮೊಮ್ಮಕ್ಕಳೂ ನಮ್ಮ ಸೀಮೆಯ ಶಾಲೆಗಳಲ್ಲಿ ಓದುತ್ತಾರೆ. ಅಂಥ ಬಾಲಿಕೆಗೆ ಅತ್ಯಂತ ಕಷ್ಟದ ಪಾಠವು ಗಣಿತವಲ್ಲ, ಅರ್ಜಿಯ ಎರಡನೆಯ ಸಾಲು, ತಂದೆಯ ಹೆಸರು. ತುಂಬಿದ ತರಗತಿಯಲ್ಲಿ “ಇದನ್ನೇಕೆ ಖಾಲಿ ಬಿಟ್ಟೆ?” ಎಂದು ಯಾವ ದುರುದ್ದೇಶವೂ ಇಲ್ಲದೆ ಕೇಳಿದ ಪ್ರಶ್ನೆಯಿಂದ ಒಂದು ಮಗುವಿನ ಶಾಲೆಯೇ ಮುಗಿದುಹೋಗಬಹುದು. ಆದಕಾರಣ ಅರ್ಜಿಗಳನ್ನು ತರಗತಿಯಲ್ಲಿ ತುಂಬಿಸುವುದೇ ಬೇಡ. ಒಬ್ಬೊಬ್ಬರನ್ನಾಗಿ ಆಫೀಸಿನ ಕೋಣೆಗೆ ಕರೆದು ತುಂಬಿಸಿದರೆ ಯಾರನ್ನೂ ಬೇರೆಯಾಗಿ ಕರೆದಂತೆ ಆಗುವುದಿಲ್ಲ. ತಾಯಿಯ ಹೆಸರನ್ನು ಅವಳು ತಲೆಯೆತ್ತಿ ಹೇಳುವಂತೆ ನಮ್ಮ ಮುಖಭಾವವು ಇರಬೇಕು. ನೂರು ಕುರಿಗಳಲ್ಲಿ ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮ್ಯವನ್ನು ಓದುವ ನಮಗೆ ಇದನ್ನು ಹೆಚ್ಚು ವಿಸ್ತರಿಸಿ ಹೇಳಬೇಕಾಗಿಲ್ಲ.

ಭಾಷೆಯ ವಿಷಯವನ್ನೂ ಇಲ್ಲಿಯೇ ಮುಗಿಸಿಬಿಡುವೆವು. ನಮ್ಮದು ಗಡಿಸೀಮೆ. 1953ರಲ್ಲಿ ಮದ್ರಾಸ್ ಸಂಸ್ಥಾನದಿಂದ ಬೇರ್ಪಟ್ಟು ಬಳ್ಳಾರಿಯು ಮೈಸೂರಿಗೆ ಸೇರಿತು, ಆದೋನಿ ರಾಯದುರ್ಗಗಳು ಆಂಧ್ರಕ್ಕೆ ಹೋದವು. ಆದರೆ ಬಂಧುತ್ವವು ಗಡಿಯನ್ನು ನೋಡಿ ನಡೆಯುವುದಿಲ್ಲ. ಮನೆಯಲ್ಲಿ ತೆಲುಗು ಅಥವಾ ಉರ್ದು, ಬೀದಿಯಲ್ಲಿ ಬಳ್ಳಾರಿಯ ಕನ್ನಡ, ಪುಸ್ತಕದಲ್ಲಿ ಬೇರೆ ಕನ್ನಡ, ಅದರ ಮೇಲೆ ಇಂಗ್ಲಿಷು. ಹದಿಮೂರು ವರ್ಷದ ಮಗುವು ಇಷ್ಟನ್ನೂ ಹೊತ್ತು ಬರುತ್ತದೆ. ಅದರ ಒತ್ತಕ್ಷರದ ತಪ್ಪನ್ನು ದಡ್ಡತನವೆಂದು ಬಗೆಯುವುದು ಅನ್ಯಾಯ. ಮೂರು ಭಾಷೆಗಳಲ್ಲಿ ಚೌಕಾಶಿ ಮಾಡಬಲ್ಲ ಹುಡುಗಿಗೆ ಭಾಷಾಶಕ್ತಿ ಇಲ್ಲವೆಂದು ಹೇಳುವುದು ಹೇಗೆ?

ಉಪಾಧ್ಯಾಯಿನಿಯು ಮಗುವಿನ ವಿಷಯದಲ್ಲಿ ಇಟ್ಟುಕೊಂಡ ಅಭಿಪ್ರಾಯವೇ ಮಗುವಿನ ಪ್ರಗತಿಯ ಮೇಲೆ ಪರಿಣಾಮ ಮಾಡುತ್ತದೆಯೇ ಎಂಬುದನ್ನು ಅಮೆರಿಕದಲ್ಲಿ ರೋಸೆಂತಾಲ್, ಜೇಕಬ್ಸನ್ ಎಂಬಿಬ್ಬರು ಒಂದು ಪ್ರಾಥಮಿಕ ಶಾಲೆಯಲ್ಲಿ ಪರೀಕ್ಷಿಸಿ 1968ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಚೀಟಿ ಎತ್ತಿದಂತೆ ಕೆಲವು ಮಕ್ಕಳನ್ನು ಆರಿಸಿ, ಇವರು ಈ ವರ್ಷ ಬಹಳ ಮುಂದುವರಿಯುವ ಮಕ್ಕಳೆಂದು ಉಪಾಧ್ಯಾಯರಿಗೆ ಹೇಳಲಾಯಿತು. ವರ್ಷದ ಕೊನೆಯಲ್ಲಿ ಕೆಳಗಿನ ತರಗತಿಗಳಲ್ಲಿ ಆ ಮಕ್ಕಳು ನಿಜವಾಗಿಯೂ ಮಿಕ್ಕವರಿಗಿಂತ ಮುಂದೆ ಹೋದದ್ದು ಕಂಡಿತು. ಆ ಪರಿಣಾಮವು ಎಷ್ಟು ದೊಡ್ಡದೆಂಬ ವಿಷಯದಲ್ಲಿ ಅನಂತರದ ವಿದ್ವಾಂಸರು ಬಹಳ ಚರ್ಚಿಸಿದ್ದಾರೆ, ಅಷ್ಟೇನೂ ದೊಡ್ಡದಲ್ಲವೆಂದು ಹೇಳಿದವರೂ ಉಂಟು. ಇರಲಿ. ನಮಗೆ ಇದರಲ್ಲಿ ಗಮನಾರ್ಹವಾದದ್ದು ಇಷ್ಟು: ಆ ಉಪಾಧ್ಯಾಯರು ಯಾವ ವಿಶೇಷ ಪಾಠವನ್ನೂ ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ದೂರದ ದೃಷ್ಟಾಂತಗಳೇಕೆ? ನಮ್ಮ ಜಿಲ್ಲೆಯಲ್ಲಿಯೇ ನೋಡೋಣ. ಬಳ್ಳಾರಿಗೆ ಸಮೀಪದ ಚೇಳ್ಳಗುರ್ಕಿ ಎಂಬ ಗ್ರಾಮದ ಬಡ ಕುಟುಂಬದಲ್ಲಿ ಅಶ್ವಿನಿ ಅಂಗಡಿ ಎಂಬ ಬಾಲಿಕೆಯು ಹುಟ್ಟಿನಿಂದಲೇ ದೃಷ್ಟಿಯಿಲ್ಲದೆ ಜನಿಸಿದಳು. ಬೆಂಗಳೂರಿಗೆ ಹೋಗಿ ಅಂಧರ ಶಾಲೆಯಲ್ಲಿ ಓದಿದಳು. ಮುಂದೆ ವಿಶ್ವವಿದ್ಯಾನಿಲಯದ ವ್ಯಾಸಂಗದಲ್ಲಿ ಬ್ರೈಲ್ ಲಿಪಿಯ ಪಠ್ಯಪುಸ್ತಕಗಳು ದೊರೆಯದೆ ಬಹಳ ತೊಂದರೆಪಟ್ಟರೂ ಒಳ್ಳೆಯ ಅಂಕಗಳೊಡನೆ ಪದವಿಯನ್ನು ಪಡೆದು, ದೊರೆತ ಉದ್ಯೋಗವನ್ನು ಬಿಟ್ಟು, ಅಂಗವಿಕಲರ ಹಕ್ಕುಗಳಿಗಾಗಿ ಕೆಲಸ ಮಾಡಲು ನಿಂತಳು. 2013ರಲ್ಲಿ ಸಂಯುಕ್ತ ರಾಷ್ಟ್ರಗಳ ಶಿಕ್ಷಣ ಪ್ರತಿನಿಧಿಯವರು ಜಗತ್ತಿನ ಕೆಲವೇ ತರುಣಿಯರಿಗೆ ಮಲಾಲಾ ಹೆಸರಿನ ದಿನದಂದು ಕೊಟ್ಟ ಧೈರ್ಯ ಪುರಸ್ಕಾರವು ಈಕೆಗೂ ಸಂದಿತು. ಈ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವಾಗ “ನೋಡಿರಿ, ಕಣ್ಣಿಲ್ಲದವಳೇ ಇಷ್ಟು ಮಾಡಿದಳು, ನಿಮಗೇನು ಧಾಡಿ?” ಎಂದು ಹೇಳುವ ರೂಢಿಯುಂಟು. ಅದು ಪ್ರೋತ್ಸಾಹವಲ್ಲ, ನಿಂದೆ. ಅವಳ ಕಷ್ಟವು ಕಣ್ಣಿನಿಂದ ಬಂದುದಕ್ಕಿಂತ ಹೆಚ್ಚಾಗಿ ಪುಸ್ತಕವಿಲ್ಲದ್ದರಿಂದ ಬಂದಿತೆಂಬುದನ್ನು ಹೇಳಬೇಕು. ಪುಸ್ತಕವನ್ನು ಒದಗಿಸುವುದು ಮನುಷ್ಯರ ಕೈಯಲ್ಲಿರುವ ಕೆಲಸವಷ್ಟೆ.

ಇನ್ನೊಂದು ಉದಾಹರಣೆಯು ಸಂಗೀತದ್ದು. ಈ ಜಿಲ್ಲೆಯ ಲಕ್ಷ್ಮೀಪುರದಲ್ಲಿ ಜಾನಪದ ಗಾಯಕರೂ ತೊಗಲುಗೊಂಬೆ ಆಡಿಸುವವರೂ ಆದ ಹುಲೆಪ್ಪನವರ ಮಗನಾಗಿ 1953ರಲ್ಲಿ ಹುಟ್ಟಿದ ವೆಂಕಟೇಶಕುಮಾರರು ಈಗ ಹಿಂದುಸ್ಥಾನೀ ಗಾಯನದಲ್ಲಿ ದೇಶದಲ್ಲೆಲ್ಲಾ ಪ್ರಸಿದ್ಧರು; 2016ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರಿಗೆ ದೊರೆಯಿತು. ಹುಡುಗನಲ್ಲಿದ್ದ ಕಂಠವನ್ನು ಗುರುತಿಸಿ ಅವನನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದೊಯ್ದು ಬಿಟ್ಟವರು ಸೋದರಮಾವಂದಿರಾದ ಬೆಳಗಲ್ಲು ವೀರಣ್ಣನವರು. ಅವರೂ ಹೆಸರಾಂತ ತೊಗಲುಗೊಂಬೆಯ ಕಲಾವಿದರು. ಆ ಆಶ್ರಮವನ್ನು ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ನಡೆಸಿ, 1944ರಲ್ಲಿ ಅವರು ಕಾಲವಾದ ಮೇಲೆ ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಮುಂದುವರಿಸಿದರು. ಅನ್ನಕ್ಕೂ ವಿದ್ಯೆಗೂ ಹಣ ಕೇಳದ ಆ ಸ್ಥಳದಲ್ಲಿ ಹುಡುಗನು ಹನ್ನೆರಡು ವರ್ಷಗಳ ಕಾಲ ಇದ್ದು ಕಲಿತನು.

ಇದರಲ್ಲಿ ನಾವು ಬಹಳ ಮೆಚ್ಚುವುದು ವೀರಣ್ಣನವರ ಪಾತ್ರವನ್ನು. ಅವರು ರಾಗವನ್ನು ಕಲಿಸಲಿಲ್ಲ, ಕಲಿಸುವವರ ಬಾಗಿಲಿಗೆ ಕೈಹಿಡಿದು ಕರೆದುಕೊಂಡು ಹೋದರು. ಉಪಾಧ್ಯಾಯಿನಿಯರಲ್ಲಿ ಹೆಚ್ಚಿನವರು ಮಾಡಬಹುದಾದ ಮಹತ್ಕಾರ್ಯವು ಇದೇ. ತನಗೆ ಗೊತ್ತಿಲ್ಲದ ವಿದ್ಯೆಯು ಮಗುವಿನಲ್ಲಿ ಇರುವುದನ್ನು ಕಂಡಾಗ, ಅದು ಯಾರಿಗೆ ಗೊತ್ತಿದೆ ಎಂದು ವಿಚಾರಿಸಬೇಕು.

ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರ ಚರಿತ್ರೆಯನ್ನೂ ಇಲ್ಲಿ ಹೇಳದಿದ್ದರೆ ಲೇಖನವು ಪೂರ್ಣವಾಗದು. ಗಂಡುಮಗುವೆಂದು ಬೆಳೆಸಲ್ಪಟ್ಟು, ತನ್ನ ಸ್ವಭಾವವು ಬೇರೆಯೆಂದು ತಿಳಿದಾಗ ಮನೆಯ ಆಶ್ರಯವನ್ನು ಕಳೆದುಕೊಂಡು, ಇಡ್ಲಿ ಮಾರಿ ಜೀವಿಸಿ, ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯವನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀಯನ್ನು ಪಡೆದವರು ಇವರು. ನಮ್ಮ ಸಭೆಯ ಕೆಲವು ಹಿರಿಯರಿಗೆ ಶಾಲೆಯ ಸಂಚಿಕೆಯಲ್ಲಿ ಈ ಹೆಸರು ವಿಚಿತ್ರವಾಗಿ ತೋರಬಹುದು. ಆದರೆ ಇವರೂ ಹತ್ತನೆಯ ತರಗತಿಯವರೆಗೆ ಯಾರೋ ಉಪಾಧ್ಯಾಯರ ಎದುರಿನ ಬೆಂಚಿನ ಮೇಲೆ ಕುಳಿತಿದ್ದವರೇ ಎಂಬುದನ್ನು ಅವರು ದಯವಿಟ್ಟು ಆಲೋಚಿಸಬೇಕು.

ಪರದೇಶದ ಒಂದೇ ಒಂದು ಹೆಸರನ್ನು ಹೇಳಿ ಈ ಭಾಗವನ್ನು ಬಿಡುವೆವು. ಹೆಲೆನ್ ಕೆಲ್ಲರ್ ಅವರನ್ನು ಎಲ್ಲರೂ ಬಲ್ಲರು. 1887ರ ಮಾರ್ಚ್ ತಿಂಗಳಲ್ಲಿ ಅವರ ಮನೆಗೆ ಬಂದ ಆನ್ ಸಲಿವನ್ ಎಂಬ ಇಪ್ಪತ್ತು ವರ್ಷದ ಉಪಾಧ್ಯಾಯಿನಿಯನ್ನು ಅಷ್ಟು ಮಂದಿ ಬಲ್ಲವರಲ್ಲ. ಅನಾಥಾಲಯದಂಥ ಬಡವರ ಛತ್ರದಲ್ಲಿ ಬೆಳೆದ ಈಕೆಗೂ ಕಣ್ಣುಗಳು ಸರಿಯಾಗಿರಲಿಲ್ಲ. ಕಾಣದ, ಕೇಳದ ಆ ಮಗುವಿಗೆ ತಿಳಿಯಿತೇ ಇಲ್ಲವೇ ಎಂದು ಪದೇ ಪದೇ ಪರೀಕ್ಷಿಸದೆ, ತಾಯಿಯು ಹಸುಗೂಸಿನೊಡನೆ ಮಾತಾಡುವಂತೆ ದಿನವೆಲ್ಲ ಅಂಗೈಯಲ್ಲಿ ಅಕ್ಷರಗಳನ್ನು ಬರೆಯುತ್ತ ಹೋದಳು. ಒಂದು ತಿಂಗಳ ಮೇಲೆ ನೀರಿನ ಪಂಪಿನ ಬಳಿ ಅದು ಅರ್ಥವಾಯಿತು. ಪ್ರತಿ ವಾರವೂ ಕಿರುಪರೀಕ್ಷೆಯಿಟ್ಟು ಮಕ್ಕಳನ್ನು ಅಳೆಯುವ ಈಗಿನ ಪದ್ಧತಿಯಲ್ಲಿ ಆ ಒಂದು ತಿಂಗಳ ತಾಳ್ಮೆಗೆ ಎಡೆಯೆಲ್ಲಿ ಎಂದು ಒಮ್ಮೊಮ್ಮೆ ನಮಗೆ ಅನಿಸುವುದುಂಟು.

ಇನ್ನು ದಾರಿಯ ತಿಳಿವಳಿಕೆ. ನಮ್ಮ ಬಾಲಿಕೆಯರು ಬಲ್ಲ ಉದ್ಯೋಗಗಳು ಕಣ್ಣಿಗೆ ಕಾಣುವ ನಾಲ್ಕೈದು ಮಾತ್ರ. ವೈದ್ಯೆಯಾಗಲಾಗದಿದ್ದರೆ ಎಲ್ಲವೂ ಮುಗಿಯಿತೆಂದು ತಿಳಿಯುವವರೇ ಬಹಳ. ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜು ಇದೆ. ಆದರೆ ಒಂದು ಆಸ್ಪತ್ರೆಯು ವೈದ್ಯರಿಂದಲೇ ನಡೆಯುವುದಿಲ್ಲ, ಶುಶ್ರೂಷಕಿಯರು, ರಕ್ತಪರೀಕ್ಷೆ ಮಾಡುವವರು, ಕ್ಷಕಿರಣ ತೆಗೆಯುವವರು, ಔಷಧಿ ಕೊಡುವವರು ಎಲ್ಲರೂ ಬೇಕೆಂಬುದನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದರೆ ಸಾಕು. ಹತ್ತನೆಯ ತರಗತಿಯಾದೊಡನೆ ಪಾಲಿಟೆಕ್ನಿಕ್ಕಿಗೆ ಸೇರಿ ಮೂರು ವರ್ಷಗಳಲ್ಲಿ ಡಿಪ್ಲೊಮಾ ಪಡೆಯಬಹುದೆಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಹಣದ ವಿಷಯದಲ್ಲಿ ಎರಡು ಸಂಗತಿಗಳನ್ನು ಪ್ರತಿಯೊಬ್ಬ ಉಪಾಧ್ಯಾಯಿನಿಯೂ ಕಂಠಸ್ಥ ಮಾಡಿರತಕ್ಕದ್ದು. ಎಂಟನೆಯ ತರಗತಿಯಲ್ಲಿ ನಡೆಯುವ ಎನ್‌.ಎಂ.ಎಂ.ಎಸ್‌. ಪರೀಕ್ಷೆಯಲ್ಲಿ ಆಯ್ಕೆಯಾದ ಬಡ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದಿಂದ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನವನ್ನು ಗೊತ್ತುಮಾಡಲಾಗಿದೆ. ಸರ್ಕಾರಿ ಶಾಲೆಗಳಂತೆ ಅನುದಾನಿತ ಶಾಲೆಗಳ ಮಕ್ಕಳೂ ಇದಕ್ಕೆ ಅರ್ಹರು. ಹುಡುಗಿಯು ತನ್ನ ಓದಿನಿಂದ ಮನೆಗೆ ತಿಂಗಳಿಗೆ ಸಾವಿರ ರೂಪಾಯಿ ತಂದಳೆಂದರೆ ಮದುವೆಯ ಮಾತು ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಎರಡನೆಯದು, ಸಂವಿಧಾನದ 371ಜೆ ವಿಧಿ. 2012ರ ತಿದ್ದುಪಡಿಯಿಂದ ಬಂದ ಈ ವಿಧಿಯ ಪ್ರಕಾರ, ಈಗ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುವ ನಮ್ಮ ಸೀಮೆಯ ಉನ್ನತ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳೂ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳೂ ಸ್ಥಳೀಯರಿಗೆ ಮೀಸಲು. ಇದಕ್ಕೆ ಅರ್ಹತಾ ಪತ್ರವು ಬೇಕು. ಆ ಪತ್ರಕ್ಕಾಗಿ ಜೂನ್ ತಿಂಗಳಲ್ಲಿ ತಂದೆಯು ಕೂಲಿ ಬಿಟ್ಟು ಕಚೇರಿಗೆ ಅಲೆಯುವಂತೆ ಆಗಬಾರದು. ಹತ್ತನೆಯ ತರಗತಿಯ ದಸರೆಯ ರಜದಲ್ಲಿಯೇ ಮಾಡಿಸಿ ಇಟ್ಟುಕೊಳ್ಳುವಂತೆ ನಾವು ನೆನಪುಮಾಡಬೇಕು. ವ್ಯಕ್ತಿತ್ವವಿಕಾಸದ ಉಪನ್ಯಾಸಕ್ಕೆ ಪರಊರಿನಿಂದ ವಾಗ್ಮಿಗಳನ್ನು ಕರೆಸುವ ವೆಚ್ಚದಲ್ಲಿ ಎಷ್ಟು ಮಂದಿ ಮಕ್ಕಳಿಗೆ ಈ ಪತ್ರವನ್ನು ಮಾಡಿಸಿಕೊಡಬಹುದೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ.

ಹೀಗೆಂದ ಮಾತ್ರಕ್ಕೆ ಪ್ರತಿಯೊಬ್ಬಳ ಪ್ರತಿಯೊಂದು ಆಸೆಯೂ ನೆರವೇರುವುದೆಂದು ಹೇಳತಕ್ಕದ್ದಲ್ಲ. ವಿಜ್ಞಾನದಲ್ಲಿ ಆಸಕ್ತಿಯೇ ಇಲ್ಲದವಳಿಗೆ ನೀನು ಖಂಡಿತವಾಗಿ ವೈದ್ಯೆಯಾಗುವೆ ಎಂದು ಹೇಳುವುದು ದಯೆಯಲ್ಲ, ವಂಚನೆ. ತಲಾಂತುಗಳ ಸಾಮ್ಯದಲ್ಲಿ ಎಲ್ಲರಿಗೂ ಸಮನಾಗಿ ಕೊಟ್ಟಿದ್ದಿಲ್ಲ. ಕೊಟ್ಟಿದ್ದನ್ನು ಹೂಳಿಟ್ಟವನೊಬ್ಬನ ಮೇಲೆಯೇ ಯಜಮಾನನಿಗೆ ಸಿಟ್ಟು ಬಂದದ್ದು. ಹುಡುಗಿಯ ಆಸೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಬೇರೊಂದು ಇರುವುದುಂಟು. ವೈದ್ಯೆಯಾಗಬೇಕೆಂದವಳಿಗೆ ಬೇಕಾದದ್ದು ಕಾಯಿಲೆಯ ತಾಯಿಯ ಹತ್ತಿರ ಇರುವುದಾಗಿರಬಹುದು. ಪೊಲೀಸಾಗಬೇಕೆಂದವಳಿಗೆ ಬೇಕಾದದ್ದು ಕುಡಿದು ಬರುವ ತಂದೆಯ ಎದುರು ನಿಲ್ಲುವ ಧೈರ್ಯವಾಗಿರಬಹುದು. ಏಕೆ ಎಂಬ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದರೆ ಮೊದಲನೆಯ ಪ್ರಶ್ನೆಗೆ ಬಂದ ಉತ್ತರವು ನಮಗೆ ಏನನ್ನೂ ತಿಳಿಸುವುದಿಲ್ಲ.

ಈ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರ ಕೈಗೂ ಹೋಗುವುದರಿಂದ ಅವರಲ್ಲಿ ಒಂದು ಬಿನ್ನಹ. ಅಜ್ಜಿಯ ಮುಂದೆ ಕುಳಿತು ಚಹ ಕುಡಿಯಲು ಒಬ್ಬ ಅಕ್ಕನು ಬೇಕೆಂದು ಮೇಲೆ ಹೇಳಿದೆವಷ್ಟೆ. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿಯೂ ಬಳ್ಳಾರಿಯ ಸುತ್ತಿನ ಹಳ್ಳಿಗಳಲ್ಲಿಯೂ ನೆಲೆಸಿರುವವರು, ಉದ್ಯೋಗದಲ್ಲಿರಲಿ ಇಲ್ಲದಿರಲಿ, ತಮ್ಮ ಊರು, ಓದು ಮತ್ತು ಮೇ ತಿಂಗಳಲ್ಲಿ ಯಾವ ವಾರ ಬಿಡುವಾಗಿರುವರು ಎಂಬುದನ್ನು ಬರೆದು ಶಾಲೆಯ ಆಫೀಸಿಗೆ ಕಳುಹಿಸಿದರೆ ನಾವು ಊರುಗಳ ಅನುಕ್ರಮದಲ್ಲಿ ಒಂದು ಪುಸ್ತಕವನ್ನು ಮಾಡಿಡುವೆವು. ಪರೀಕ್ಷೆಯ ಹಿಂದಿನ ರಾತ್ರಿ ಬಳ್ಳಾರಿಯಲ್ಲಿ ಒಬ್ಬ ಹುಡುಗಿಗೆ ಮಲಗಲು ಸ್ಥಳ ಕೊಡಬಲ್ಲವರು ಅದನ್ನೂ ಬರೆಯಬೇಕು. ಈ ವರ್ಷದ ಫಲಿತಾಂಶವು ಬರುವುದಕ್ಕೆ ಮುಂಚೆ ಹೆಸರುಗಳು ನಮ್ಮ ಕೈಸೇರಿದರೆ ಬಹಳ ಅನುಕೂಲವಾಗುವುದು.